ಪ್ರಾಸ್ಟೇಟ್ ಗ್ರಂಥಿಯ ಅಂಗರಚನಾಧ್ಯಯನವೂ ಅಂತರ್ದರ್ಶಕ ಶಸ್ತ್ರಚಿಕಿತ್ಸೆಯ ಬೆಳವಣಿಗೆಯೂ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರೋಪಕರಣಗಳ ಚರಿತ್ರೆಯನ್ನೇ ಬರೆಯುತ್ತಾರೆ. ಯಾವ ವರ್ಷದಲ್ಲಿ ಯಾವ ಸಾಧನವನ್ನು ಯಾರು ರಚಿಸಿದರು, ಅದಕ್ಕಿಂತ ಉತ್ತಮವಾದುದನ್ನು ಅನಂತರ ಯಾರು ತಂದರು ಎಂಬ ಅನುಕ್ರಮವನ್ನು ಕೊಟ್ಟರೆ ಶಸ್ತ್ರಚಿಕಿತ್ಸೆಯ ಪ್ರಗತಿಯನ್ನು ವಿವರಿಸಿದಂತಾಯಿತೆಂಬ ಭಾವನೆ ವ್ಯಾಪಕವಾಗಿದೆ. ದೇಹವನ್ನು ಕೊಯ್ದು ತೆರೆಯದೆ ಸಹಜದ್ವಾರಗಳ ಮೂಲಕವೋ ಸಣ್ಣ ರಂಧ್ರಗಳ ಮೂಲಕವೋ ದೀಪವನ್ನೂ ಮಸೂರವನ್ನೂ ಒಳಕ್ಕೆ ಕಳುಹಿಸಿ ನಡೆಸುವ ಅಂತರ್ದರ್ಶಕ ಶಸ್ತ್ರಚಿಕಿತ್ಸೆಯ ವಿಷಯದಲ್ಲಂತೂ ಈ ಭಾವನೆ ಇನ್ನೂ ಬಲವಾಗಿದೆ. ಪ್ರಕೃತ ಲೇಖನದಲ್ಲಿ ನಾವು ಪುರುಷರ ಜನನಾಂಗವ್ಯೂಹದ ಒಂದು ಭಾಗವನ್ನು, ಮುಖ್ಯವಾಗಿ ಪ್ರಾಸ್ಟೇಟ್ ಗ್ರಂಥಿಯನ್ನು, ನಿದರ್ಶನವಾಗಿ ತೆಗೆದುಕೊಂಡು ಈ ಭಾವನೆಯನ್ನು ಪರಿಶೀಲಿಸಲು ಬಯಸುತ್ತೇವೆ. ಉಪಕರಣವು ಶಸ್ತ್ರವೈದ್ಯನಿಗೆ ಕಣ್ಣನ್ನು ಕೊಟ್ಟಿತು, ನಿಜ. ಆದರೆ ಆ ಕಣ್ಣಿಗೆ ಕಂಡದ್ದರ ಹಿಂದೆ ಏನಿದೆಯೆಂಬುದನ್ನು ಹೇಳಿಕೊಟ್ಟುದು ಶವಚ್ಛೇದನದ ಮೇಜು. ಪ್ರತಿಯೊಂದು ದೊಡ್ಡ ಸುಧಾರಣೆಯೂ ಚಿಕಿತ್ಸಕನ ಪ್ರಶ್ನೆಯೊಂದನ್ನು ಹಿಡಿದು ಯಾರೋ ಒಬ್ಬರು ಆ ಮೇಜಿಗೆ ಹಿಂತಿರುಗಿದಾಗ ಸಂಭವಿಸಿತೆಂಬುದು ನಮ್ಮ ಪ್ರತಿಪಾದನೆ.

ಈ ಸಮಸ್ಯೆ ಹೊಸದೇನೂ ಅಲ್ಲ. ಸುಶ್ರುತಸಂಹಿತೆಯಲ್ಲಿ ಮೂತ್ರಕೋಶದ ಕಲ್ಲನ್ನು ತೆಗೆಯುವ ವಿಧಾನವನ್ನು ಹೇಳುವಾಗ, ಶಸ್ತ್ರವು ತಾಗಬಾರದ ಎಂಟು ಸ್ಥಾನಗಳನ್ನು ಎಣಿಸಿದೆ. ಶುಕ್ರವಹ ಮಾರ್ಗಗಳನ್ನು ಕತ್ತರಿಸಿದರೆ ಮರಣವಾದರೂ ಕ್ಲೈಬ್ಯವಾದರೂ ಒದಗುವುದೆಂದು ಅಲ್ಲಿ ಎಚ್ಚರಿಸಿದೆ. ಅದೇ ಸಂಹಿತೆಯ ಶಾರೀರಸ್ಥಾನದಲ್ಲಿ, ಶವವನ್ನು ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಟ್ಟು, ಕುಂಚದಿಂದ ಪದರಪದರವಾಗಿ ಉಜ್ಜಿ ತೆಗೆದು, ಒಳಗಿನ ಅಂಗಗಳನ್ನು ಕಣ್ಣಾರೆ ನೋಡಿ ತಿಳಿಯಬೇಕೆಂದೂ ವಿಧಿಸಿದೆ. ಕಾಣದ ಸ್ಥಳದಲ್ಲಿ ಕೈಯಾಡಿಸಬೇಕಾದ ವೈದ್ಯನು ರೋಗಿಗೆ ಮಾಡಬಹುದಾದ ಹಾನಿ, ಆ ಹಾನಿಯನ್ನು ತಪ್ಪಿಸಲು ಇರುವ ಏಕಮಾತ್ರ ಉಪಾಯ, ಇವೆರಡೂ ಒಂದೇ ಗ್ರಂಥದಲ್ಲಿ ಉಕ್ತವಾಗಿರುವುದು ಗಮನಾರ್ಹ. ಮುಂದೆ ನಾವು ನೋಡಲಿರುವ ಚರಿತ್ರೆಯೆಲ್ಲ ಈ ಎರಡು ಮಾತುಗಳ ನಡುವಣ ಅಂತರವನ್ನು ತುಂಬಿದ ಚರಿತ್ರೆಯೇ.

1. ಗ್ರಂಥಿಯ ಸ್ಥಾನ ಮತ್ತು ಹಿಂದಿನವರ ತಿಳಿವಳಿಕೆ

ಪ್ರಾಸ್ಟೇಟ್ ಗ್ರಂಥಿಯು ಮೂತ್ರಕೋಶದ ಕೊರಳಿನ ಕೆಳಗೆ, ಮೂತ್ರನಾಳದ ಆರಂಭದ ಭಾಗವನ್ನು ಸುತ್ತುವರಿದುಕೊಂಡಿದೆ. ಆರೋಗ್ಯವಂತ ಯುವಕನಲ್ಲಿ ಇದರ ತೂಕ ಸುಮಾರು 20 ಗ್ರಾಂ. ಮುಂದುಗಡೆ ಜಘನಾಸ್ಥಿ, ಹಿಂದುಗಡೆ ಗುದನಾಳ, ಮೇಲೆ ಮೂತ್ರಕೋಶ, ಕೆಳಗೆ ಮೂತ್ರವನ್ನು ತಡೆದು ನಿಲ್ಲಿಸುವ ಸಂಕೋಚಕ ಸ್ನಾಯು. ಹೀಗೆ ನಾಲ್ಕು ಕಡೆಯಿಂದಲೂ ಇದು ಇಕ್ಕಟ್ಟಿನಲ್ಲಿದೆ. ಎರಡು ಸ್ಖಲನನಾಳಗಳು ಹಿಂದಿನಿಂದ ಇದರೊಳಕ್ಕೆ ಹೊಕ್ಕು, ಮೂತ್ರನಾಳದ ಹಿಂಗೋಡೆಯ ಮೇಲಿರುವ ವೆರುಮಾಂಟಾನಮ್ ಎಂಬ ಸಣ್ಣ ದಿಬ್ಬದ ಮೇಲೆ ತೆರೆದುಕೊಳ್ಳುತ್ತವೆ. ವಯಸ್ಸಾದ ಪುರುಷರಲ್ಲಿ ಈ ಗ್ರಂಥಿಯು ಬೆಳೆದು ಮೂತ್ರಮಾರ್ಗವನ್ನು ಅಡಚುವುದು ಅತಿಸಾಮಾನ್ಯ. ಇದರಲ್ಲಿ ಕ್ಯಾನ್ಸರ್ ಹುಟ್ಟುವುದೂ ಅಪರೂಪವಲ್ಲ. ಆದುದರಿಂದ ಇಲ್ಲಿ ಶಸ್ತ್ರವನ್ನು ಪ್ರಯೋಗಿಸಬೇಕಾದ ಅಗತ್ಯ ಹೆಚ್ಚು. ಪ್ರಯೋಗಿಸಿದಾಗ ಕೆಡಬಹುದಾದ ನೆರೆಹೊರೆಯ ಅಂಗಗಳೂ ಹೆಚ್ಚು.

ಗೇಲನನ ಶರೀರಜ್ಞಾನವು ಪ್ರಾಣಿಗಳ ಛೇದನದಿಂದ ಬಂದುದಾಗಿತ್ತು. ಮನುಷ್ಯಶರೀರದಲ್ಲಿ ಈ ಗ್ರಂಥಿಯನ್ನು ಗುರುತಿಸಿ ವರ್ಣಿಸಿದ ಕೀರ್ತಿ ವೆನಿಸ್ ನಗರದ ನಿಕೊಲೊ ಮಾಸ್ಸಾ ಎಂಬ ವೈದ್ಯನಿಗೆ ಸಲ್ಲುತ್ತದೆ. ಅವನ ಗ್ರಂಥ ಪ್ರಕಟವಾದುದು 1536ರಲ್ಲಿ. ಎರಡು ವರ್ಷಗಳ ಅನಂತರ ವೆಸೇಲಿಯಸ್ ತನ್ನ ಚಿತ್ರಪಟಗಳಲ್ಲಿ ಇದನ್ನು ಬರೆದು ತೋರಿಸಿದನು. 1724ರಲ್ಲಿ ಸ್ಯಾಂಟೊರಿನಿ ಗ್ರಂಥಿಯ ಮುಂಭಾಗದ ಅಭಿಧಮನಿಗಳ ಜಾಲವನ್ನು ವರ್ಣಿಸಿದನು. ಆ ಜಾಲ ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಗ್ರಂಥಿಯ ಮಧ್ಯಭಾಗದ ಬೆಳವಣಿಗೆಯನ್ನು ತಾನೇ ಮೊದಲು ಕಂಡೆನೆಂದು ಇಂಗ್ಲೆಂಡಿನ ಎವರಾರ್ಡ್ ಹೋಮ್ 1806ರಲ್ಲಿ ಸಾರಿದನು. ವಾಸ್ತವವಾಗಿ ಇಟಲಿಯ ಮಾರ್ಗಾನಿ ಅದನ್ನು ಅದಕ್ಕೂ ಹಿಂದೆಯೇ ವರ್ಣಿಸಿದ್ದನು. 1836ರಲ್ಲಿ ಎರಡು ಮಹತ್ವದ ವರ್ಣನೆಗಳು ಹೊರಬಂದುವು. ಗ್ರಂಥಿಗೂ ಗುದನಾಳಕ್ಕೂ ನಡುವಣ ಪೊರೆಯನ್ನು ಫ್ರಾನ್ಸಿನ ಡೆನೊನ್‌ವಿಲಿಯೆ ತೋರಿಸಿದನು. ಶಿಶ್ನದ ಉದ್ರೇಕಕ್ಕೆ ಕಾರಣವಾದ ನರಗಳನ್ನು ಬರ್ಲಿನ್ನಿನ ಯೊಹಾನೆಸ್ ಮ್ಯುಲ್ಲರ್ ನಿರೂಪಿಸಿದನು.

ಈ ವರ್ಣನೆಗಳಲ್ಲಿ ಒಂದೂ ಆ ಕಾಲದ ಚಿಕಿತ್ಸೆಯನ್ನು ಬದಲಾಯಿಸಲಿಲ್ಲ. ಅವು ಗ್ರಂಥಗಳಲ್ಲಿ ಉಳಿದುವು. ಅವುಗಳನ್ನು ಬಳಸಿಕೊಳ್ಳಬಲ್ಲ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ. ಅಂಗರಚನೆಯ ಜ್ಞಾನವು ತಾನಾಗಿಯೇ ಶಸ್ತ್ರಚಿಕಿತ್ಸೆಯನ್ನು ಸುಧಾರಿಸುವುದಿಲ್ಲವೆಂಬುದನ್ನು ನಾವು ಮೊದಲೇ ಒಪ್ಪಿಕೊಳ್ಳಬೇಕು.

2. ಬೆಳಕಿನ ಆಗಮನ

1806ರ ವೇಳೆಗೆ ಫ್ರಾಂಕ್‌ಫರ್ಟಿನ ಫಿಲಿಪ್ ಬೊತ್ಸಿನಿ ಮೇಣದ ಬತ್ತಿಯ ಬೆಳಕನ್ನು ದೇಹದ ರಂಧ್ರಗಳೊಳಕ್ಕೆ ಹಾಯಿಸುವ ಸಾಧನವೊಂದನ್ನು ರಚಿಸಿದ್ದನು. 1853ರಲ್ಲಿ ಪ್ಯಾರಿಸ್ಸಿನ ದೆಸೊರ್ಮೊ ಅದನ್ನು ಪರಿಷ್ಕರಿಸಿದನು. ಆದರೆ ಇವೆರಡರಲ್ಲಿಯೂ ದೀಪ ದೇಹದ ಹೊರಗಿತ್ತು; ಕಾಣುತ್ತಿದ್ದುದು ಕಿರಿದಾದ ಕೊಳವೆಯ ತುದಿಯಷ್ಟೇ ಪ್ರದೇಶ. 1877ರಲ್ಲಿ ಡ್ರೆಸ್ಡನ್ ನಗರದಲ್ಲಿ ಮ್ಯಾಕ್ಸ್ ನಿಟ್ಸೆ ಎಂಬ ತರುಣ ವೈದ್ಯನು ದೀಪವನ್ನೇ ಕೊಳವೆಯ ತುದಿಗೆ ಒಯ್ದು, ಮಸೂರಗಳ ಸಾಲಿನಿಂದ ದೃಷ್ಟಿಕ್ಷೇತ್ರವನ್ನು ವಿಸ್ತರಿಸಿದ ಸಿಸ್ಟೋಸ್ಕೋಪ್ ಯಂತ್ರವನ್ನು ಶವವೊಂದರ ಮೇಲೆ ಪ್ರದರ್ಶಿಸಿದನು. ಆಗಿನ ದೀಪ ಕೆಂಪಗೆ ಕಾಯ್ದ ಪ್ಲಾಟಿನಂ ತಂತಿ. ಅದನ್ನು ತಣಿಸಲು ನೀರಿನ ಪ್ರವಾಹ ಬೇಕಾಗಿತ್ತು. ಎಡಿಸನ್ನನ ವಿದ್ಯುದ್ದೀಪ ಬಂದ ಮೇಲೆ, 1880ರ ದಶಕದ ಉತ್ತರಾರ್ಧದಲ್ಲಿ, ಪುಟ್ಟ ದೀಪವೊಂದನ್ನು ಈ ಯಂತ್ರಕ್ಕೆ ಅಳವಡಿಸುವುದು ಸಾಧ್ಯವಾಯಿತು.

ನೋಡುವ ಸಾಧನದಿಂದ ಕತ್ತರಿಸುವ ಸಾಧನಕ್ಕೆ ದಾಟಲು ಮತ್ತೆ ನಾಲ್ಕು ದಶಕಗಳು ಹಿಡಿದುವು. ಬಾಲ್ಟಿಮೋರಿನ ಹ್ಯೂ ಹ್ಯಾಂಪ್ಟನ್ ಯಂಗ್ 1909ರಲ್ಲಿ ಬಳಸಲಾರಂಭಿಸಿದ ಕತ್ತರಿಕೊಳವೆಯು ಮೂತ್ರನಾಳದ ಮೂಲಕವೇ ಅಡಚಣೆಯ ಅಂಗಾಂಶವನ್ನು ಕತ್ತರಿಸಿ ತೆಗೆಯುತ್ತಿತ್ತು. ರಕ್ತಸ್ರಾವವನ್ನು ನಿಲ್ಲಿಸುವ ಉಪಾಯ ಅದರಲ್ಲಿರಲಿಲ್ಲ. 1926ರಲ್ಲಿ ನ್ಯೂಯಾರ್ಕಿನ ಮ್ಯಾಕ್ಸಿಮಿಲಿಯನ್ ಸ್ಟರ್ನ್ ತಂತಿಯ ಕುಣಿಕೆಗೆ ವಿದ್ಯುತ್ತನ್ನು ಹಾಯಿಸಿ, ನೀರಿನೊಳಗೆಯೇ ಅಂಗಾಂಶವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕೊಯ್ಯುವ ರಿಸೆಕ್ಟೋಸ್ಕೋಪ್ ಯಂತ್ರವನ್ನು ಮಾಡಿದನು. ದಕ್ಷಿಣ ಕ್ಯಾರೊಲಿನಾದ ಥಿಯೊಡೋರ್ ಡೇವಿಸ್ ಅದಕ್ಕೆ ರಕ್ತನಾಳಗಳನ್ನು ಸುಟ್ಟು ಮುಚ್ಚುವ ಶಕ್ತಿಯನ್ನು ಸೇರಿಸಿದನು. ಜೋಸೆಫ್ ಮೆಕಾರ್ಥಿ 1931ರ ಸುಮಾರಿಗೆ ಅದಕ್ಕೆ ಉತ್ತಮ ಮಸೂರವನ್ನು ಜೋಡಿಸಿದನು. ಯಂತ್ರ ಸಿದ್ಧವಾಯಿತು.

ಯಂತ್ರ ಸಿದ್ಧವಾದೊಡನೆ ಚಿಕಿತ್ಸೆ ಸಿದ್ಧವಾಯಿತೆಂದು ಹೇಳಲಾಗದು. ಕೊಳವೆಯ ಮೂಲಕ ನೋಡುವ ವೈದ್ಯನಿಗೆ ಕಾಣುವುದು ಮೇಲ್ಮೈ ಮಾತ್ರ. ಒಂದು ತುಂಡನ್ನು ಕೊಯ್ದರೆ ಅದರ ಹಿಂದಿನ ಇನ್ನೊಂದು ಮೇಲ್ಮೈ ಕಾಣುತ್ತದೆ. ಮುಂದಿನ ಕೊಯ್ತದಲ್ಲಿ ಅಪಧಮನಿಯೊಂದು ತೆರೆದುಕೊಳ್ಳುವುದೇ, ಗ್ರಂಥಿಯ ಕವಚ ಹರಿಯುವುದೇ, ಸಂಕೋಚಕ ಸ್ನಾಯು ತುಂಡಾಗುವುದೇ ಎಂಬುದನ್ನು ಮಸೂರ ಹೇಳದು. ರಕ್ತ ಚಿಮ್ಮಿತೆಂದರೆ ನೀರು ಕೆಂಪಾಗಿ, ಕಾಣುತ್ತಿದ್ದ ಮೇಲ್ಮೈಯೂ ಕಾಣದಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಬೆಳಕು ಬೇಕಾದ ಗಳಿಗೆಯಲ್ಲಿಯೇ ವೈದ್ಯನು ಕುರುಡನಾಗುತ್ತಾನೆ.

3. ಅಪಧಮನಿಗಳ ನಕ್ಷೆ

ಈ ತೊಡಕಿಗೆ ಉತ್ತರವನ್ನು ಹುಡುಕಿದವನು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ರೂಬಿನ್ ಫ್ಲಾಕ್ಸ್. ಅವನು 1937ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯ ಗ್ರಂಥಿಯೊಳಗೆ ಅಪಧಮನಿಗಳು ಹಂಚಿಕೆಯಾಗಿರುವ ಕ್ರಮ, ಮತ್ತು ಮೂತ್ರನಾಳದ ಮೂಲಕ ನಡೆಸುವ ಛೇದನದಲ್ಲಿ ಆ ಕ್ರಮಕ್ಕಿರುವ ಪಾತ್ರ. ಪ್ರಬಂಧದ ವಿಷಯವೇ ನಮ್ಮ ವಾದವನ್ನು ಹೇಳುತ್ತದೆ: ಅಂಗರಚನೆಯ ವರ್ಣನೆಯನ್ನು ಇಲ್ಲಿ ಒಂದು ನಿರ್ದಿಷ್ಟ ಶಸ್ತ್ರಕ್ರಿಯೆಯ ಕಡೆಯಿಂದ ಕೇಳಲಾಗಿದೆ.

ಫ್ಲಾಕ್ಸನು ಕಂಡುದು ಇಷ್ಟು. ಗ್ರಂಥಿಗೆ ಬರುವ ಅಪಧಮನಿಯು ಎರಡು ಗುಂಪುಗಳಾಗಿ ಕವಲೊಡೆಯುತ್ತದೆ. ಒಂದು ಗುಂಪು ಕವಚದ ಹೊರಮೈಯನ್ನು ಅನುಸರಿಸಿ ಹೋಗುತ್ತದೆ. ಇನ್ನೊಂದು ಗುಂಪು ಮೂತ್ರಕೋಶದ ಕೊರಳಿನ ಬಳಿ ಗ್ರಂಥಿಯೊಳಕ್ಕೆ ಹೊಕ್ಕು, ಮೂತ್ರನಾಳದ ದಿಕ್ಕಿಗೆ ತಿರುಗಿ, ಅದರ ಸುತ್ತಲಿನ ಭಾಗಕ್ಕೆ ರಕ್ತವನ್ನು ಒದಗಿಸುತ್ತದೆ. ವಯಸ್ಸಾದವರಲ್ಲಿ ಬೆಳೆದು ಅಡ್ಡಗಟ್ಟುವ ಗಂಟುಗಳಿಗೆ ರಕ್ತ ಬರುವುದು ಈ ಎರಡನೆಯ ಗುಂಪಿನಿಂದ. ಕೊಳವೆಯ ಮೂಲಕ ಕಾಣುವ ವೃತ್ತವನ್ನು ಗಡಿಯಾರದ ಮುಖವೆಂದು ಭಾವಿಸಿ, ಜಘನಾಸ್ಥಿಯ ಕಡೆಯನ್ನು 12 ಗಂಟೆಯೆಂದೂ ಗುದನಾಳದ ಕಡೆಯನ್ನು 6 ಗಂಟೆಯೆಂದೂ ಎಣಿಸಿದರೆ, ಈ ಅಪಧಮನಿಗಳು 1ರಿಂದ 5ರವರೆಗೂ 7ರಿಂದ 11ರವರೆಗೂ ಇರುವ ಅಂಚುಗಳಲ್ಲಿ ಒಳಬರುತ್ತವೆ. ಅವುಗಳಲ್ಲಿ ದೊಡ್ಡವು 5 ಮತ್ತು 7 ಗಂಟೆಗಳ ಸ್ಥಾನದಲ್ಲಿವೆ.

ಇಷ್ಟು ತಿಳಿದ ಮೇಲೆ ಶಸ್ತ್ರಕ್ರಿಯೆಯ ಕ್ರಮವೇ ಬೇರೆಯಾಯಿತು. ರಕ್ತ ಚಿಮ್ಮಿದ ಮೇಲೆ ಅದರ ಮೂಲವನ್ನು ಹುಡುಕುವ ಬದಲು, ಮೂಲವಿರುವ ಸ್ಥಳಕ್ಕೆ ಮೊದಲೇ ಹೋಗಿ ಅದನ್ನು ಮುಚ್ಚಬಹುದಾಯಿತು. ಮಿಶಿಗನ್ ವಿಶ್ವವಿದ್ಯಾನಿಲಯದ ರೀಡ್ ನೆಸ್ಬಿಟ್ 1943ರ ತನ್ನ ಗ್ರಂಥದಲ್ಲಿ ಈ ವಿಧಾನವನ್ನು ಹಂತಹಂತವಾಗಿ ನಿರೂಪಿಸಿದನು. ಮೇಲಿನಿಂದ ಆರಂಭಿಸಿ ಕವಚದವರೆಗೆ ಕಾಲುವೆಯನ್ನು ತೋಡಿ, ಬೆಳೆದ ಭಾಗವನ್ನು ಅದರ ರಕ್ತಪೂರೈಕೆಯಿಂದ ಮೊದಲು ಬೇರ್ಪಡಿಸಿ, ಅನಂತರ ರಕ್ತವಿಲ್ಲದ ಗಂಟನ್ನು ನಿಶ್ಚಿಂತೆಯಿಂದ ಕೊಯ್ದು ತೆಗೆಯುವುದು ಅದರ ಸಾರ. ಯಂತ್ರದಲ್ಲಿ ಹೆಚ್ಚಿನ ಬದಲಾವಣೆಯಿಲ್ಲ. ಬದಲಾದುದು ಅದನ್ನು ಹಿಡಿದವನ ಜ್ಞಾನ. ಕವಚದ ಬಳಿಯಿರುವ ಅಭಿಧಮನಿಗಳನ್ನು ಅರಿಯದೆ ತೆರೆದರೆ, ತೊಳೆಯಲು ಬಿಟ್ಟ ನೀರು ಅವುಗಳ ಮೂಲಕ ರಕ್ತಕ್ಕೆ ಸೇರಿ ರೋಗಿಯ ಪ್ರಾಣಕ್ಕೇ ಅಪಾಯವಾಗುವುದೆಂಬುದೂ ಈ ಅವಧಿಯಲ್ಲಿಯೇ ಮನದಟ್ಟಾಯಿತು.

ಇದೇ ಕಾಲದಲ್ಲಿ ವೆರುಮಾಂಟಾನಮ್ ದಿಬ್ಬವು ಕಡಲ ದಡದ ದೀಪಸ್ತಂಭದಂತಹ ಮಹತ್ವವನ್ನು ಪಡೆಯಿತು. ಸಂಕೋಚಕ ಸ್ನಾಯು ಈ ದಿಬ್ಬಕ್ಕಿಂತ ಕೆಳಗಿದೆಯೆಂಬುದು ಶವಚ್ಛೇದನದಿಂದ ತಿಳಿದ ಸಂಗತಿ. ದಿಬ್ಬವಾದರೋ ಮಸೂರಕ್ಕೆ ಕಾಣುವ ಸಂಗತಿ. ದಿಬ್ಬವನ್ನು ದಾಟಿ ಕೊಯ್ಯಬಾರದೆಂಬ ಒಂದು ನಿಯಮದಿಂದ ಕಾಣದ ಸ್ನಾಯುವನ್ನು ಕಾಣುವ ಗುರುತಿನ ಮೂಲಕ ಕಾಪಾಡಬಹುದಾಯಿತು. ಜೀವಮಾನವೆಲ್ಲ ಮೂತ್ರ ಸೋರುತ್ತಿರುವ ದುರವಸ್ಥೆಯಿಂದ ಎಷ್ಟೋ ವೃದ್ಧರನ್ನು ಉಳಿಸಿರುವುದು ಈ ಸರಳ ನಿಯಮ.

4. ಕೈಗೆ ತಿಳಿದಿದ್ದು, ಶಾಸ್ತ್ರಕ್ಕೆ ತಿಳಿಯದಿದ್ದುದು

ಅಂಗರಚನೆಯು ಯಾವಾಗಲೂ ಚಿಕಿತ್ಸೆಗಿಂತ ಮುಂದಿತ್ತೆಂದು ಹೇಳಿದರೆ ತಪ್ಪಾಗುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆಯೊಂದು ನಮ್ಮ ದೇಶದ ಸಂಬಂಧವುಳ್ಳದ್ದಾಗಿದೆ. ಐರ್ಲೆಂಡಿನವನಾದ ಪೀಟರ್ ಫ್ರೇಯರ್ 1875ರಲ್ಲಿ ಭಾರತೀಯ ವೈದ್ಯಕೀಯ ಸೇವೆಯನ್ನು ಸೇರಿ, ಉತ್ತರ ಭಾರತದಲ್ಲಿ ಸುಮಾರು ಇಪ್ಪತ್ತು ವರ್ಷ ಕೆಲಸ ಮಾಡಿ, ಮೂತ್ರಕೋಶದ ಕಲ್ಲುಗಳ ಚಿಕಿತ್ಸೆಯಲ್ಲಿ ಹೆಸರು ಗಳಿಸಿದನು. ನಿವೃತ್ತನಾಗಿ ಲಂಡನ್ನಿಗೆ ಹೋದ ಮೇಲೆ 1900ರ ಡಿಸೆಂಬರ್ 1ರಂದು ಸೇಂಟ್ ಪೀಟರ್ಸ್ ಆಸ್ಪತ್ರೆಯಲ್ಲಿ, ಹೊಟ್ಟೆಯ ಕೆಳಭಾಗದಿಂದ ಮೂತ್ರಕೋಶವನ್ನು ತೆರೆದು, ಬೆಳೆದ ಗ್ರಂಥಿಯನ್ನು ಬೆರಳಿನಿಂದಲೇ ಬಿಡಿಸಿ ತೆಗೆದನು. ನ್ಯೂಯಾರ್ಕಿನ ಯೂಜೀನ್ ಫುಲ್ಲರ್ ಇದೇ ಬಗೆಯ ಕ್ರಿಯೆಯನ್ನು ಅದಕ್ಕೂ ಹಿಂದೆಯೇ ಮಾಡಿದ್ದುದರಿಂದ ಅಗ್ರಸ್ಥಾನದ ಬಗ್ಗೆ ಬಿರುಸಾದ ವಿವಾದ ನಡೆಯಿತು. ಅದೇನೇ ಇರಲಿ, ಫ್ರೇಯರನು ಮುಂದೆ ಸಾವಿರಕ್ಕೂ ಮಿಕ್ಕಿ ರೋಗಿಗಳಿಗೆ ಈ ಚಿಕಿತ್ಸೆಯನ್ನು ಮಾಡಿದನು.

ತಾನು ತೆಗೆದುದು ಇಡೀ ಪ್ರಾಸ್ಟೇಟ್ ಗ್ರಂಥಿಯೆಂದು ಫ್ರೇಯರನು ನಂಬಿದ್ದನು. ಆದರೆ ಹೊರಬಂದುದನ್ನೂ ಒಳಗೆ ಉಳಿದುದನ್ನೂ ಪರೀಕ್ಷಿಸಿದ ಇತರರು ಬೇರೆಯೇ ಸತ್ಯವನ್ನು ಕಂಡರು. ಹೊರಬಂದುದು ಗ್ರಂಥಿಯ ಒಳಭಾಗದಲ್ಲಿ ಬೆಳೆದ ಗಂಟು ಮಾತ್ರ. ನಿಜವಾದ ಗ್ರಂಥಿಯು ಆ ಗಂಟಿನ ಒತ್ತಡದಿಂದ ತೆಳುವಾಗಿ, ಕಿತ್ತಳೆಯ ಸಿಪ್ಪೆಯಂತೆ ಸುತ್ತಲೂ ಉಳಿದಿತ್ತು. ಫ್ರೇಯರನ ಬೆರಳು ಸರಿಯಾದ ಜಾಡಿನಲ್ಲಿಯೇ ಸಾಗಿತ್ತು. ಅದಕ್ಕೆ ಅವನು ಕೊಟ್ಟ ವಿವರಣೆ ಮಾತ್ರ ಸರಿಯಾಗಿರಲಿಲ್ಲ. ಈ ತಪ್ಪು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ಇಡೀ ಗ್ರಂಥಿ ಹೋಗಿದೆಯೆಂದು ನಂಬಿದ ವೈದ್ಯನು ಆ ರೋಗಿಯಲ್ಲಿ ಮುಂದೆ ಕ್ಯಾನ್ಸರ್ ಹುಟ್ಟಲಾರದೆಂದೂ ನಂಬುವನು. ಉಳಿದ ಸಿಪ್ಪೆಯಲ್ಲಿ ಕ್ಯಾನ್ಸರ್ ಹುಟ್ಟಬಲ್ಲದು.

ಸಿಪ್ಪೆಗೂ ಗಂಟಿಗೂ ಇರುವ ಸಂಬಂಧವನ್ನು ಶಾಸ್ತ್ರೀಯವಾಗಿ ವಿವರಿಸಲು ಮತ್ತೆ ಅರವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದುವು. 1912ರಲ್ಲಿ ಆಸ್ವಾಲ್ಡ್ ಲೋಸ್ಲಿ ಭ್ರೂಣಗಳ ಅಧ್ಯಯನದ ಆಧಾರದ ಮೇಲೆ ಗ್ರಂಥಿಯನ್ನು ಐದು ಹಾಲೆಗಳಾಗಿ ವಿಂಗಡಿಸಿದ್ದನು. ಈ ವಿಂಗಡಣೆ ಪಠ್ಯಪುಸ್ತಕಗಳಲ್ಲಿ ದೀರ್ಘಕಾಲ ನಿಂತಿತು. ಆದರೆ ವಯಸ್ಕರ ಗ್ರಂಥಿಯಲ್ಲಿ ಅಂತಹ ಹಾಲೆಗಳನ್ನು ಬೇರ್ಪಡಿಸಿ ತೋರಿಸುವುದು ಸಾಧ್ಯವಾಗುತ್ತಿರಲಿಲ್ಲ. ಅಮೆರಿಕದ ಜಾನ್ ಮೆಕ್‌ನೀಲ್ 1968ರಿಂದ ಮೊದಲ್ಗೊಂಡು ಪ್ರಕಟಿಸಿದ ಪ್ರಬಂಧಗಳಲ್ಲಿ, ಗ್ರಂಥಿಯನ್ನು ಎಂದಿನಂತೆ ಅಡ್ಡಡ್ಡ ಸೀಳದೆ, ಮೂತ್ರನಾಳದ ಬಾಗನ್ನು ಆಧಾರವಾಗಿಟ್ಟುಕೊಂಡು ಬೇರೆ ಬೇರೆ ಕೋನಗಳಲ್ಲಿ ಸೀಳಿ ನೋಡಿದನು. ಮೂತ್ರನಾಳವು ವೆರುಮಾಂಟಾನಮ್ ದಿಬ್ಬದ ಬಳಿ ಸುಮಾರು 35 ಅಂಶಗಳಷ್ಟು ಬಾಗುತ್ತದೆಂಬ ಸಂಗತಿಯು ಅವನ ಕೈಯಲ್ಲಿ ಇಡೀ ಗ್ರಂಥಿಯನ್ನು ತೆರೆಯುವ ಕೀಲಿಯಾಯಿತು. ಯುವಕನ ಗ್ರಂಥಿಯ ಸ್ರಾವಕ ಅಂಗಾಂಶದಲ್ಲಿ ಸುಮಾರು ನೂರಕ್ಕೆ 70 ಪಾಲು ಹೊರವಲಯ, 25 ಪಾಲು ಮಧ್ಯವಲಯ, ಕೇವಲ 5 ಪಾಲು ಮೂತ್ರನಾಳದ ಪಕ್ಕದ ಸಂಕ್ರಮಣ ವಲಯವೆಂದು ಅವನು ತೋರಿಸಿದನು. ವೃದ್ಧಾಪ್ಯದಲ್ಲಿ ಬೆಳೆದು ಮೂತ್ರವನ್ನು ತಡೆಯುವ ಗಂಟು ಹುಟ್ಟುವುದು ಮುಖ್ಯವಾಗಿ ಈ 5 ಪಾಲಿನಲ್ಲಿ. ಕ್ಯಾನ್ಸರ್ ಹುಟ್ಟುವುದು ಬಹುತೇಕ ಹೊರವಲಯದಲ್ಲಿ.

ಫ್ರೇಯರನ ಬೆರಳಿನ ಜಾಡು ಯಾವುದೆಂಬುದಕ್ಕೆ ಹೀಗೆ ಉತ್ತರ ದೊರೆಯಿತು. 1990ರ ದಶಕದಲ್ಲಿ ನ್ಯೂಜಿಲೆಂಡಿನ ಟೌರಾಂಗದಲ್ಲಿ ಪೀಟರ್ ಗಿಲ್ಲಿಂಗ್ ಮತ್ತು ಅವನ ಸಹೋದ್ಯೋಗಿಗಳು ಹೋಲ್ಮಿಯಂ ಲೇಸರ್ ಕಿರಣವನ್ನು ಮೂತ್ರನಾಳದ ಮೂಲಕ ಒಯ್ದು, ಗಂಟಿಗೂ ಸಿಪ್ಪೆಗೂ ನಡುವಣ ಅದೇ ಸೀಮೆಯಲ್ಲಿ ಸಾಗಿ, ಗಂಟನ್ನು ಇಡಿಯಾಗಿ ಬಿಡಿಸುವ ವಿಧಾನವನ್ನು ರೂಢಿಗೆ ತಂದರು. ಫ್ರೇಯರನು ಬೆರಳಿನಿಂದ ಮಾಡಿದುದನ್ನೇ ಇಲ್ಲಿ ಕಿರಣವು ಮಾಡುತ್ತದೆ. ಹೊಟ್ಟೆಯನ್ನು ಕೊಯ್ಯುವ ಅಗತ್ಯ ಮಾತ್ರ ಇಲ್ಲ. ತುಂಡುತುಂಡಾಗಿ ಕೊಯ್ಯುವ ವಿಧಾನಕ್ಕೆ ಮೀರಿದ ಅತಿದೊಡ್ಡ ಗಂಟುಗಳೂ ಇದರಿಂದ ಅಂತರ್ದರ್ಶಕ ಚಿಕಿತ್ಸೆಯ ವ್ಯಾಪ್ತಿಗೆ ಬಂದುವು.

5. ಲೈಡನ್ನಿನ ಒಂದು ಅಪರಾಹ್ನ

ಕ್ಯಾನ್ಸರಿಗಾಗಿ ಇಡೀ ಗ್ರಂಥಿಯನ್ನು ತೆಗೆಯುವ ಶಸ್ತ್ರಕ್ರಿಯೆಯ ಚರಿತ್ರೆ ಇನ್ನೂ ಬೋಧಪ್ರದವಾಗಿದೆ. ಹ್ಯೂ ಯಂಗ್ ಇದನ್ನು 1904ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕೆಳಗಿನ ಮಾರ್ಗದಿಂದ ಆರಂಭಿಸಿದನು. ಜಘನಾಸ್ಥಿಯ ಹಿಂದಿನಿಂದ ಗ್ರಂಥಿಯನ್ನು ತಲಪುವ ಮಾರ್ಗವನ್ನು ಟೆರೆನ್ಸ್ ಮಿಲಿನ್ 1945ರಲ್ಲಿ ಪ್ರಕಟಿಸಿದನು. ಮಾರ್ಗ ಯಾವುದಾದರೂ ಪರಿಣಾಮ ದಾರುಣವಾಗಿತ್ತು. ಸ್ಯಾಂಟೊರಿನಿಯ ಅಭಿಧಮನಿಜಾಲದಿಂದ ಅಪಾರವಾಗಿ ರಕ್ತ ಹೋಗುತ್ತಿತ್ತು. ಅನೇಕರಿಗೆ ಮೂತ್ರದ ಹಿಡಿತ ತಪ್ಪುತ್ತಿತ್ತು. ಲೈಂಗಿಕ ಸಾಮರ್ಥ್ಯವು ಹೆಚ್ಚುಕಡಿಮೆ ಎಲ್ಲರಲ್ಲಿಯೂ ನಷ್ಟವಾಗುತ್ತಿತ್ತು. ಉದ್ರೇಕದ ನರಗಳು ಗ್ರಂಥಿಯ ಮೂಲಕವೇ ಹಾದುಹೋಗುತ್ತವೆಂದೂ, ಗ್ರಂಥಿಯನ್ನು ತೆಗೆದರೆ ಅವು ಹೋಗಲೇಬೇಕೆಂದೂ ಬಹುಮಂದಿ ನಂಬಿದ್ದರು. ಅನಿವಾರ್ಯವೆಂದು ಎಣಿಸಿದ ಹಾನಿಯ ಕಾರಣವನ್ನು ಯಾರೂ ಹುಡುಕುವುದಿಲ್ಲ. ಎಷ್ಟೋ ರೋಗಿಗಳು ಈ ಭಯದಿಂದಲೇ ಚಿಕಿತ್ಸೆಯನ್ನು ನಿರಾಕರಿಸಿದರು.

ಜಾನ್ಸ್ ಹಾಪ್ಕಿನ್ಸಿನ ಪ್ಯಾಟ್ರಿಕ್ ವಾಲ್ಷ್ ಮೊದಲು ರಕ್ತಸ್ರಾವದ ಪ್ರಶ್ನೆಯನ್ನು ಹಿಡಿದನು. ಅಭಿಧಮನಿಜಾಲದ ನಿಜವಾದ ಮಾರ್ಗವನ್ನು ಗುರುತಿಸಿ, ಅದನ್ನು ಮೊದಲೇ ಕಟ್ಟುವ ವಿಧಾನವನ್ನು ಅವನು ರೈನರ್ ಎಂಬ ಸಹೋದ್ಯೋಗಿಯೊಡನೆ 1979ರಲ್ಲಿ ಪ್ರಕಟಿಸಿದನು. ಶಸ್ತ್ರಕ್ರಿಯೆಯ ಕ್ಷೇತ್ರ ರಕ್ತದಿಂದ ಮುಕ್ತವಾದ ಮೇಲೆ, ಅಲ್ಲಿಯವರೆಗೆ ಮುಳುಗಿದ್ದ ರಚನೆಗಳು ಕಾಣತೊಡಗಿದುವು. ಇದೇ ಸುಮಾರಿನಲ್ಲಿ, ಗ್ರಂಥಿಯನ್ನು ಪೂರ್ತಿಯಾಗಿ ತೆಗೆಸಿಕೊಂಡ ರೋಗಿಯೊಬ್ಬನು ತನ್ನ ಸಾಮರ್ಥ್ಯವು ಕುಂದಿಲ್ಲವೆಂದು ಅವನಿಗೆ ತಿಳಿಸಿದನು. ಒಬ್ಬನಲ್ಲಿ ಉಳಿದಿದ್ದರೆ ನರಗಳು ಗ್ರಂಥಿಯೊಳಗೆ ಇರಲಾರವು. ಹಾಗಾದರೆ ಅವು ಎಲ್ಲಿವೆ?

1981ರ ಫೆಬ್ರವರಿಯಲ್ಲಿ ವಾಲ್ಷ್ ಹಾಲೆಂಡಿನ ಲೈಡನ್ ನಗರಕ್ಕೆ ಹೋಗಿದ್ದಾಗ, ನಿವೃತ್ತ ಪ್ರಾಧ್ಯಾಪಕನಾದ ಪೀಟರ್ ಡೊಂಕರನು ಮೃತಜಾತ ಗಂಡು ಶಿಶುವಿನ ಶರೀರದಲ್ಲಿ ಮೂತ್ರಕೋಶದ ನರಗಳನ್ನು ಬಿಡಿಸುತ್ತಿರುವುದನ್ನು ನೋಡಿದನು. ವಯಸ್ಕರ ಶವಗಳಲ್ಲಿ ಕೊಬ್ಬು ಮತ್ತು ನಾರಿನ ಅಂಗಾಂಶದ ನಡುವೆ ಈ ಸೂಕ್ಷ್ಮ ನರಗಳು ಹುದುಗಿಹೋಗಿ, ಅವುಗಳನ್ನು ಅನುಸರಿಸುವುದು ಅಸಾಧ್ಯವಾಗುತ್ತಿತ್ತು. ಶಿಶುಶರೀರದಲ್ಲಿ ಅವು ಸ್ಪಷ್ಟವಾಗಿದ್ದುವು. ಉದ್ರೇಕದ ನರಗಳನ್ನು ನೋಡಿರುವೆಯಾ ಎಂದು ವಾಲ್ಷ್ ಕೇಳಿದನು. ಡೊಂಕರನು ಅದುವರೆಗೆ ಅತ್ತ ಗಮನ ಕೊಟ್ಟಿರಲಿಲ್ಲ. ಇಬ್ಬರೂ ಕೂಡಿ ಕೆಲವೇ ಗಂಟೆಗಳಲ್ಲಿ ಅವುಗಳನ್ನು ಬಿಡಿಸಿ ತೋರಿಸಿದರು. ನರಗಳು ಗ್ರಂಥಿಯ ಕವಚದ ಹೊರಗೆ, ಅದರ ಹಿಂಬದಿಯ ಎರಡು ಪಾರ್ಶ್ವಗಳಲ್ಲಿ ಇದ್ದುವು. ವಯಸ್ಕನ ಶರೀರದಲ್ಲಿ ಅವು ರಕ್ತನಾಳಗಳ ಜೊತೆಗೆ ಕಟ್ಟಾಗಿ ಸಾಗುವುದರಿಂದ, ಕಣ್ಣಿಗೆ ಕಾಣುವ ಆ ರಕ್ತನಾಳಗಳನ್ನೇ ನರಗಳ ಗುರುತಾಗಿ ಬಳಸಬಹುದಾಗಿತ್ತು. ಈ ಶೋಧವು 1982ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಏಪ್ರಿಲ್ 26ರಂದು, ನರಗಳನ್ನು ಉದ್ದೇಶಪೂರ್ವಕವಾಗಿ ಉಳಿಸಿ ಗ್ರಂಥಿಯನ್ನು ತೆಗೆಯುವ ಶಸ್ತ್ರಕ್ರಿಯೆಯನ್ನು ವಾಲ್ಷ್ ನಡೆಸಿದನು.

ಮ್ಯುಲ್ಲರನು 1836ರಲ್ಲಿ ವರ್ಣಿಸಿದ ನರಗಳು ಶಸ್ತ್ರವೈದ್ಯನ ಕೈಗೆ ದೊರೆಯಲು 145 ವರ್ಷಗಳು ಹಿಡಿದುವು. ಲೈಡನ್ನಿನಲ್ಲಿ ಯಾವ ಹೊಸ ಯಂತ್ರವೂ ಇರಲಿಲ್ಲ. ತಕ್ಕ ಪ್ರಶ್ನೆಯುಳ್ಳ ಚಿಕಿತ್ಸಕನೂ ತಕ್ಕ ಕೌಶಲವುಳ್ಳ ಛೇದಕನೂ ತಕ್ಕ ಶರೀರದ ಮುಂದೆ ಒಟ್ಟಿಗೆ ಕುಳಿತುದೇ ಅಲ್ಲಿ ಹೊಸದಾಗಿ ನಡೆದುದು.

ಸಂಕೋಚಕ ಸ್ನಾಯುವಿನ ವಿಷಯದಲ್ಲಿಯೂ ಹೀಗೆಯೇ ಆಯಿತು. ಅದು ಎರಡು ಪೊರೆಗಳ ನಡುವೆ ಅಡ್ಡಲಾಗಿ ಹಾಸಿದ ಚಪ್ಪಟೆ ಬಿಲ್ಲೆಯೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದುವು. ಮಿಶಿಗನ್ನಿನ ಥಾಮಸ್ ಓಲ್ರಿಕ್ 1980ರಲ್ಲಿ ಅದು ಬಿಲ್ಲೆಯಲ್ಲ, ಮೂತ್ರನಾಳವನ್ನು ಸುತ್ತಿ ಉದ್ದಕ್ಕೆ ನಿಂತು ಗ್ರಂಥಿಯವರೆಗೂ ಚಾಚಿದ ರಚನೆಯೆಂದು ತೋರಿಸಿದನು. ಗ್ರಂಥಿಯ ತುದಿಯ ಆಕಾರವು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುವುದನ್ನೂ, ಆದುದರಿಂದ ಅಲ್ಲಿ ಕೊಯ್ಯುವ ರೇಖೆಯೂ ಭಿನ್ನವಾಗಬೇಕೆಂಬುದನ್ನೂ ರಾಬರ್ಟ್ ಮೈಯರ್ಸ್ 1987ರಲ್ಲಿ ವಿವರಿಸಿದನು.

6. ಹೊಟ್ಟೆಯೊಳಗಿನ ಮಸೂರ

ಇಷ್ಟೆಲ್ಲ ಸಿದ್ಧವಾದ ಮೇಲೆಯೇ ಹೊಟ್ಟೆಯ ಸಣ್ಣ ರಂಧ್ರಗಳ ಮೂಲಕ ಗ್ರಂಥಿಯನ್ನು ತೆಗೆಯುವ ಲ್ಯಾಪರೋಸ್ಕೋಪಿಯ ಪ್ರಯತ್ನ ಆರಂಭವಾಯಿತು. ವಿಲಿಯಂ ಶುಸ್ಲರ್ ಮತ್ತು ಅವನ ಸಂಗಡಿಗರು 1991ರಲ್ಲಿ ಮೊದಲ ಕ್ರಿಯೆಯನ್ನು ನಡೆಸಿದರು. 1997ರಲ್ಲಿ ಒಂಬತ್ತು ರೋಗಿಗಳ ಅನುಭವವನ್ನು ಪ್ರಕಟಿಸಿ, ತೆರೆದ ಶಸ್ತ್ರಕ್ರಿಯೆಗಿಂತ ಇದರಿಂದ ವಿಶೇಷ ಪ್ರಯೋಜನವಿಲ್ಲವೆಂಬ ತೀರ್ಮಾನಕ್ಕೆ ಬಂದರು. ಮರುವರ್ಷವೇ ಪ್ಯಾರಿಸ್ಸಿನ ಮಾಂಸೂರಿ ಸಂಸ್ಥೆಯ ಗಿಯೊನೊ ಮತ್ತು ವಲಾಂಸಿಯಾಂ ಇದೇ ಕ್ರಿಯೆಯನ್ನು ಕ್ರಮಬದ್ಧ ವಿಧಾನವನ್ನಾಗಿ ಮಾಡಿದರು. ಒಂದು ವರ್ಷದಲ್ಲಿ ಉಪಕರಣ ಬದಲಾಗಿರಲಿಲ್ಲ. ಪ್ಯಾರಿಸ್ಸಿನವರು ಮೂತ್ರಕೋಶದ ಹಿಂದಣ ಪೆರಿಟೋನಿಯಂ ಪೊರೆಯನ್ನು ತೆರೆದು, ಮೊದಲು ವೀರ್ಯಕೋಶಗಳನ್ನು ಬಿಡಿಸಿ, ಡೆನೊನ್‌ವಿಲಿಯೆಯ ಪೊರೆಯ ಮೂಲಕ ಗ್ರಂಥಿಯ ಹಿಂಬದಿಗೆ ದಾರಿ ಮಾಡಿಕೊಂಡರು. ಹೊರಗಿನಿಂದ ಕೈ ಹಾಕುವವನಿಗೆ ಆಳದಲ್ಲಿರುವ ಈ ಜಾಗವು ಮಸೂರಕ್ಕೆ ಎದುರಿನಲ್ಲಿಯೇ ಇದೆ. 1836ರ ಪೊರೆ ಹೀಗೆ ರಾಜಮಾರ್ಗವಾಯಿತು.

2000ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ರೋಬಾಟ್ ಯಂತ್ರದ ನೆರವಿನಿಂದ ಈ ಕ್ರಿಯೆ ನಡೆಯಿತು. ಭಾರತೀಯ ಮೂಲದ ಮಣಿ ಮೆನನ್ ಅಮೆರಿಕದ ಡೆಟ್ರಾಯ್ಟ್ ನಗರದಲ್ಲಿ ಅದನ್ನು ವ್ಯಾಪಕವಾಗಿ ಬೆಳೆಸಿದರು. ಹಲವು ಪಟ್ಟು ಹಿಗ್ಗಿಸಿ ತೋರಿಸುವ ಮಸೂರ ಮತ್ತೆ ಅಂಗರಚನೆಗೆ ಪ್ರಶ್ನೆಗಳನ್ನು ಕಳುಹಿಸಿತು. ನರಗಳು ಹಿಂಬದಿಯ ಕಟ್ಟುಗಳಲ್ಲಿ ಮಾತ್ರವಲ್ಲದೆ ಗ್ರಂಥಿಯ ಪಾರ್ಶ್ವಗಳ ಮೇಲೂ ಹರಡಿರಬಲ್ಲವೆಂದು ಈ ಶತಮಾನದ ಮೊದಲ ದಶಕದ ಛೇದನಗಳಲ್ಲಿ ಕಂಡುಬಂತು. ಅದಕ್ಕನುಗುಣವಾಗಿ ಪಾರ್ಶ್ವದ ಪೊರೆಯನ್ನೂ ಉಳಿಸುವ ವಿಧಾನಗಳು ಬಂದುವು. ಮಿಲಾನಿನ ಬೊಚ್ಚಾರ್ಡಿ ಮತ್ತು ಸಂಗಡಿಗರು 2010ರಲ್ಲಿ, ಗ್ರಂಥಿಯ ಮುಂಬದಿಯ ಬಂಧನಗಳನ್ನು ಮುಟ್ಟದೆ ಪೂರ್ತಿಯಾಗಿ ಹಿಂದಿನಿಂದಲೇ ಕ್ರಿಯೆಯನ್ನು ಮುಗಿಸುವ ಮಾರ್ಗವನ್ನು ವರದಿ ಮಾಡಿದರು. ನರಗಳನ್ನು ಉಳಿಸುವುದು ಎಲ್ಲರಲ್ಲಿಯೂ ಸಾಧ್ಯವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಕ್ಯಾನ್ಸರ್ ಕವಚವನ್ನು ದಾಟಿದ್ದರೆ ಅವುಗಳನ್ನು ಬಿಟ್ಟುಕೊಡುವುದೇ ವಿವೇಕ. ನಕ್ಷೆಯು ಹೋಗಬಹುದಾದ ದಾರಿಯಂತೆಯೇ ಹೋಗಬಾರದ ದಾರಿಯನ್ನೂ ತೋರಿಸುತ್ತದೆ.

ಸ್ಖಲನನಾಳಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುವೆವು. ಸುಮಾರು 2 ಸೆಂಟಿಮೀಟರ್ ಉದ್ದದ ಈ ನಾಳಗಳು ಮುಚ್ಚಿಹೋದರೆ ಸಂತಾನವಾಗದಿರುವುದುಂಟು. 1973ರಲ್ಲಿ ಫಾರ್ಲಿ ಮತ್ತು ಬಾರ್ನ್ಸ್ ದಿಬ್ಬದ ಮೇಲ್ಭಾಗವನ್ನು ರಿಸೆಕ್ಟೋಸ್ಕೋಪಿನಿಂದ ಕೊಯ್ದು ಇವುಗಳನ್ನು ತೆರೆಯುವ ವಿಧಾನವನ್ನು ವರದಿ ಮಾಡಿದರು. ಜಪಾನಿನಲ್ಲಿ 1996ರಲ್ಲಿ, ದೇಹದಿಂದ ಬೇರ್ಪಡಿಸಿದ ಅಂಗಗಳಲ್ಲಿ ವೀರ್ಯಕೋಶದೊಳಕ್ಕೆ ತೆಳುವಾದ ಅಂತರ್ದರ್ಶಕವನ್ನು ಹಾಯಿಸಿ ನೋಡಲಾಯಿತು. ಅದಾದ ಮೇಲೆಯೇ 2002ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು ಜೀವಂತ ರೋಗಿಗಳಲ್ಲಿ ಮೂತ್ರನಾಳದ ಮೂಲಕ ವೀರ್ಯಕೋಶವನ್ನು ನೋಡಿದ ವರದಿಯನ್ನು ಪ್ರಕಟಿಸಿದರು. ಸೂಜಿಯ ಮೊನೆಯಷ್ಟು ಕಿರಿದಾದ ಈ ದ್ವಾರಗಳು ದಿಬ್ಬದ ನಡುವಣ ಕುರುಡು ಚೀಲದ ಎರಡು ಪಕ್ಕಗಳಲ್ಲಿವೆ, ಗುದನಾಳ ಅವುಗಳ ಹಿಂದೆಯೇ ಇದೆ ಎಂಬ ಅರಿವಿಲ್ಲದವನು ಈ ಕ್ರಿಯೆಗೆ ಕೈಹಾಕಲಾರನು.

7. ಉಪಸಂಹಾರ

ಮೇಲ್ಕಂಡ ಸಂಗತಿಗಳಿಂದ ನಾವು ಮೂರು ತೀರ್ಮಾನಗಳನ್ನು ಹೊರಡಿಸಬಹುದು. ಮೊದಲನೆಯದಾಗಿ, ಯಂತ್ರವು ಬಂದ ಕಾಲಕ್ಕೂ ಚಿಕಿತ್ಸೆಯು ಸುರಕ್ಷಿತವಾದ ಕಾಲಕ್ಕೂ ನಡುವೆ ಅಂತರವಿದೆ. ಆ ಅಂತರವನ್ನು ತುಂಬಿದುದು ಬಹುಮಟ್ಟಿಗೆ ಶವಚ್ಛೇದನ. ಎರಡನೆಯದಾಗಿ, ಛೇದನವೂ ತಾನಾಗಿಯೇ ಫಲಕೊಡುವುದಿಲ್ಲ. ಮ್ಯುಲ್ಲರನ ನರಗಳೂ ಡೆನೊನ್‌ವಿಲಿಯೆಯ ಪೊರೆಯೂ ಒಂದೂವರೆ ಶತಮಾನ ಕಾದುಕೊಂಡಿದ್ದುವು. ಚಿಕಿತ್ಸಾಲಯದಿಂದ ಪ್ರಶ್ನೆ ಬಂದಾಗ ಮಾತ್ರ ಅವು ಉತ್ತರವಾದುವು. ಮೂರನೆಯದಾಗಿ, ಯಾವ ಶರೀರವನ್ನು ಯಾವ ಕೋನದಿಂದ ನೋಡಬೇಕೆಂಬ ಆಯ್ಕೆಯೇ ಎಷ್ಟೋ ಬಾರಿ ಫಲವನ್ನು ನಿರ್ಣಯಿಸಿದೆ. ಲೋಸ್ಲಿಯ ಭ್ರೂಣಗಳು ವಯಸ್ಕನ ಗ್ರಂಥಿಯ ವಿಷಯದಲ್ಲಿ ದಾರಿ ತಪ್ಪಿಸಿದುವು. ಡೊಂಕರನ ಶಿಶುಶರೀರ ವಯಸ್ಕನ ನರಗಳ ವಿಷಯದಲ್ಲಿ ದಾರಿ ತೋರಿಸಿತು.

ವೈದ್ಯಕೀಯ ಕಾಲೇಜುಗಳಲ್ಲಿ ಛೇದನಕ್ಕೆ ಮೀಸಲಾದ ಅವಧಿ ಅನೇಕ ದೇಶಗಳಲ್ಲಿ ಕಡಮೆಯಾಗುತ್ತ ಬಂದಿದೆ. ಚಿತ್ರಗಳೂ ಮಾದರಿಗಳೂ ಗಣಕಯಂತ್ರದ ಪರದೆಯೂ ಅದರ ಸ್ಥಾನವನ್ನು ತುಂಬಬಲ್ಲವೆಂಬ ವಾದವಿದೆ. ತಿಳಿದುದನ್ನು ಕಲಿಸಲು ಅವು ಸಾಕಾಗಬಹುದು. ಆದರೆ ಪರದೆಯ ಮೇಲಿನ ಚಿತ್ರದಲ್ಲಿ ಅದನ್ನು ಬರೆದವನಿಗೆ ತಿಳಿದಿರುವುದಷ್ಟೇ ಇರುತ್ತದೆ. ಗ್ರಂಥಿಯ ಚಿತ್ರವು 1980ರಲ್ಲಿ ಬಿಲ್ಲೆಯಾಕಾರದ ಸ್ನಾಯುವನ್ನೇ ತೋರಿಸುತ್ತಿತ್ತು. ಶವವು ಮಾತ್ರ ಬೇರೆಯದನ್ನು ತೋರಿಸಿತು. ತಮ್ಮ ಶರೀರವನ್ನು ಮರಣಾನಂತರ ಈ ಕಾರ್ಯಕ್ಕೆ ಬಿಟ್ಟುಕೊಟ್ಟ ಅನಾಮಧೇಯರಿಗೂ, ಉಸಿರಾಡದೆಯೇ ಲೋಕದಿಂದ ಹೋದ ಲೈಡನ್ನಿನ ಆ ಶಿಶುವಿಗೂ ಚಿಕಿತ್ಸೆ ಪಡೆದು ಮಾನದಿಂದ ಬಾಳುತ್ತಿರುವ ಅಸಂಖ್ಯಾತ ಪುರುಷರು ಋಣಿಗಳಾಗಿದ್ದಾರೆ. ಯಂತ್ರಗಳನ್ನು ರಚಿಸಿದವರ ಹೆಸರುಗಳ ಜೊತೆಗೆ ಈ ಋಣವನ್ನೂ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ದಾಖಲಿಸಬೇಕೆಂಬುದು ನಮ್ಮ ಅಭಿಪ್ರಾಯ.